ಉಳಿದ ಅರ್ಧ ಸಿಗರೇಟು

ನಾನು ಸಿಗರೇಟು ಕೊಂಡವನಲ್ಲ. ಹೋದ ತಿಂಗಳವರೆಗೂ ಇದೊಂದು ಮಾತನ್ನು ನನಗೆ ನಾನೇ ಹೇಳಿಕೊಂಡು ನೆಮ್ಮದಿಯಾಗಿದ್ದೆ. ಸೇದುವವನು ಎಂದರೆ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟವನು, ಬೆರಳ ತುದಿ ಹಳದಿಯಾದವನು, ಬೆಳಗ್ಗೆ ಎದ್ದ ಕೂಡಲೇ ಕೆಮ್ಮುವವನು. ನನ್ನ ಕಿಸೆಯಲ್ಲಿ ಇರುತ್ತಿದ್ದುದು ಒಂದು ಕರವಸ್ತ್ರ, ಗಾಡಿಯ ಪಾಸು, ಬಡೇಸೋಪಿನ ಸಣ್ಣ ಡಬ್ಬಿ. ಆ ಡಬ್ಬಿಯನ್ನು ಹೆಂಡತಿ ದಿನಾ ರೊಟ್ಟಿ ಕಟ್ಟುವಾಗ ತುಂಬಿ ಕೊಡುತ್ತಾಳೆ. ನನಗೆ ಉಂಡದ್ದು ಪಚನ ಆಗುವುದಿಲ್ಲ ಎಂದು ಆಕೆಯ ನಂಬಿಕೆ. ಹಾಗೆಂದು ನಾನೇ ಹೇಳಿದ್ದೆ.

ಮನೆ ಶಹಾಬಾದಿನಲ್ಲಿ, ಕಚೇರಿ ಸೇಡಂನಲ್ಲಿ. ನಮ್ಮ ಓಣಿಯವನೇ ಆದ ಗೆಳೆಯನೊಬ್ಬ ಚಿತ್ತಾಪುರದ ಶಾಲೆಯಲ್ಲಿ ಮಾಸ್ತರ. ಸಂಜೆ ನಾನು ಬರುವ ಗಾಡಿಗೇ ಅವನು ಚಿತ್ತಾಪುರದಲ್ಲಿ ಹತ್ತುತ್ತಾನೆ. ಇಬ್ಬರೂ ವಾಡಿಯಲ್ಲಿ ಇಳಿದು ಶಹಾಬಾದಿನ ಗಾಡಿಗೆ ಕಾಯುತ್ತೇವೆ. ಆ ಗಾಡಿ ವೇಳೆಗೆ ಬಂದರೆ ಏನೂ ಇಲ್ಲ. ತಡವಾಗಿದೆ ಎಂದು ಕೂಗಿದರೆ ಮಾತ್ರ ನಿಲ್ದಾಣದ ಹೊರಗಿನ ಪಾನ್ ಡಬ್ಬಾಕ್ಕೆ ಹೋಗಿ ಒಂದು ಸಿಗರೇಟು. ಅದೂ ಇಬ್ಬರ ನಡುವೆ ಒಂದು. ಅವನು ಕೊಂಡು, ಹಚ್ಚಿ, ಅರ್ಧ ಸೇದಿ ನನ್ನ ಕೈಗೆ ಕೊಡುತ್ತಿದ್ದ.

“ತಗೋರಿ ಸಾಹೇಬ, ಪ್ರಸಾದ.”

“ಅರ್ಧದಾಗ ಏನ್ ಅದ ಬಿಡ್ರಿ ಮಾಸ್ತರ,” ಎನ್ನುತ್ತಿದ್ದೆ ನಾನು. “ಈ ಊರಾಗ ಬರೇ ಉಸಿರಾಡಿದ್ರ ಒಂದು ಪಾಕೀಟ ಸೇದಿದಂಗ.”

ನಮ್ಮ ಕಡೆ ಇದೊಂದು ಅನುಕೂಲ. ಸಿಮೆಂಟಿನ ಬೂದು ಧೂಳು, ಫರಸಿ ಕಲ್ಲಿನ ಬಿಳಿ ಧೂಳು. ಯಾರು ಕೆಮ್ಮಿದರೂ, ಯಾರಿಗೆ ದಮ್ಮು ಹತ್ತಿದರೂ ಅದರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದು.

ಹೋದ ಚಳಿಗಾಲದ ಒಂದು ಸಂಜೆ ವಾಡಿಯ ಮೇಲ್ಸೇತುವೆ ಹತ್ತುತ್ತ ಅವನು ನಡುವೆಯೇ ಕುಳಿತುಬಿಟ್ಟ. “ಎದಿ ಹಿಡದಂಗ ಆಗ್ಯಾದ್ರಿ,” ಎಂದ. ಮುಖವೆಲ್ಲ ಬೆವರು. ಆಗಷ್ಟೇ ಇಬ್ಬರೂ ಸೇದಿ ಬಂದಿದ್ದೆವು, ವಾಸನೆ ಮುಚ್ಚಲು ಹಾಕಿಕೊಂಡ ಬಡೇಸೋಪು ಇನ್ನೂ ನನ್ನ ಬಾಯಲ್ಲಿತ್ತು. ಯಾರದೋ ಜೀಪಿನಲ್ಲಿ ಕಲಬುರಗಿಗೆ ಒಯ್ದೆವು. ಎದೆಯ ರಕ್ತನಾಳ ಕಟ್ಟಿತ್ತು. ಸ್ಟೆಂಟ್ ಹಾಕಿದರು.

ಮರುದಿನ ಡಾಕ್ಟರು ಬಂದಾಗ ಅವನ ಹೆಂಡತಿ ತಲೆದೆಸೆಗೆ ನಿಂತಿದ್ದಳು. ಚಿಂಚೋಳಿ ಕಡೆಯ ಕೊಡ್ಲಿ ಎಂಬ ಊರಿನ ಮಗಳು, ನನ್ನನ್ನು ಅಣ್ಣಾ ಎನ್ನುತ್ತಾಳೆ. ನಾನು ಚಹಾದ ಥರ್ಮಾಸು ಹಿಡಿದು ಕಾಲ್ದೆಸೆಗೆ ನಿಂತಿದ್ದೆ.

“ಬೀಡಿ, ಸಿಗರೇಟು?” ಡಾಕ್ಟರು ಕೇಳಿದರು.

“ಇಲ್ರೀ ಸಾಹೇಬ್ರ,” ಎಂದಳು ಆಕೆ. “ಇದೆಲ್ಲಾ ನಮ್ಮೂರ ಫರಸಿ ಧೂಳು.”

ಗೆಳೆಯ ಕಣ್ಣು ಮುಚ್ಚಿಕೊಂಡ. “ಯಾವಾಗರ ಒಮ್ಮಿ ಸೇದ್ತೀನ್ರಿ. ಅದೂ ಅರ್ಧಾ.”

“ಮತ್ತರ್ಧಾ ಯಾರಿಗ್ರಿ?” ಡಾಕ್ಟರು ನಕ್ಕರು.

ಅವನು ನನ್ನತ್ತ ತಿರುಗದೆ ಹೊದಿಕೆ ಎಳೆದುಕೊಂಡ. ಗೋಡೆಯ ಮೇಲೆ ಹೃದಯದ ಚಿತ್ರವೊಂದಿತ್ತು. ನಾಳೆ ಪರೀಕ್ಷೆ ಇದೆಯೇನೋ ಎಂಬಂತೆ ನಾನು ಅದರ ಕೆಂಪು ನೀಲಿ ನಾಳಗಳನ್ನೇ ನೋಡುತ್ತ ನಿಂತೆ.

“ಅರ್ಧಾ ಸೇದಿದ್ರ ಅಪಾಯನೂ ಅರ್ಧಾ ಅಂತ ತಿಳಕೋಬ್ಯಾಡ್ರಿ,” ಎಂದರು ಡಾಕ್ಟರು. “ಎದಿ ಹಂಗ ಲೆಕ್ಕ ಹಿಡಿಯಂಗಿಲ್ಲ. ಸ್ವಲ್ಪ ಹೊಗಿ ಹೋದ್ರೂ ನಾಳ ಬಿಗೀತಾವ, ರಕ್ತ ಹೆಪ್ಪುಗಟ್ಟಲಿಕ್ಕ ನೋಡ್ತದ. ಕಮ್ಮಿ ಮಾಡೀನಿ ಅಂದ್ರ ನಡಿಯಂಗಿಲ್ಲ. ಪೂರಾ ಬಿಡಬೇಕು.”

ಹೊರಗೆ ಬಂದಾಗ ಆಕೆ ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿದಳು. “ಅಣ್ಣಾ, ನೀವು ಒಂದಿನಾ ಮುಟ್ಟಿದವ್ರಲ್ಲ. ವಾಡ್ಯಾಗ ಇವ್ರ ಬಾಜೂಕ ನೀವೇ ಇರ್ತೀರಿ. ಒಂದೀಟು ಕಣ್ಣಿಡ್ರಿ. ನಿಮ್ಮ ಮ್ಯಾಲೆ ಬಿಟ್ಟೀನಿ.”

“ಆಯ್ತವಾ,” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ರಜೆ ಮುಗಿಸಿ ಅವನು ಮತ್ತೆ ಗಾಡಿಗೆ ಬರತೊಡಗಿದ. ಸಿಗರೇಟು ಬಿಟ್ಟೇಬಿಟ್ಟಿದ್ದ. ಗಾಡಿ ತಡವಾದ ದಿನ ಬೆಂಚಿನ ಮೇಲೆ ಕುಳಿತು ಹುರಿದ ಶೇಂಗಾ ಸುಲಿಯುತ್ತಿದ್ದ. ವಾರಕ್ಕೊಮ್ಮೆ ಅವನ ಮನೆಯಿಂದ ನಮ್ಮ ಮನೆಗೆ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆಯೋ ಸಜ್ಜಿ ಕಡುಬೋ ಬರುತ್ತಿತ್ತು. “ಕಾವಲ ಕಾಯೋರಿಗೆ,” ಎಂದು ಹೇಳಿ ಕಳಿಸುತ್ತಿದ್ದಳು.

ಕಾವಲಿನವನ ಅವಸ್ಥೆ ಆಕೆಗೆ ಗೊತ್ತಿರಲಿಲ್ಲ. ಗಾಡಿ ತಡ ಎಂಬ ಕೂಗು ಕಿವಿಗೆ ಬಿದ್ದರೆ ನನ್ನ ಬಾಯಿ ಒಣಗುತ್ತಿತ್ತು. ಯಾವುದೂ ರುಚಿಸುತ್ತಿರಲಿಲ್ಲ, ಅವನು ಶೇಂಗಾ ಒಡೆಯುವ ಸಪ್ಪಳಕ್ಕೂ ಸಿಟ್ಟು ಬರುತ್ತಿತ್ತು. ಹೋದ ತಿಂಗಳು ಒಂದು ಸಂಜೆ “ನೀರು ತರ್ತೀನಿ ಕುಂದ್ರಿ” ಎಂದು ಎದ್ದವನು ನೆಟ್ಟಗೆ ಹೊರಗೆ ನಡೆದೆ.

“ಬರ್ರಿ ಸಾಹೇಬ,” ಎಂದ ಪಾನಿನವನು. “ಏನ್ ಕೊಡ್ಲಿ?”

“ಒಂದು ಸಿಗರೇಟು.”

“ಯಾವ್ದು?”

ನನಗೆ ಹೆಸರು ಗೊತ್ತಿರಲಿಲ್ಲ. ಇಷ್ಟು ವರ್ಷ ಸೇದಿದ ವಸ್ತುವಿನ ಹೆಸರು ಗೊತ್ತಿಲ್ಲ! “ಮಾಸ್ತರು ಒಯ್ತಿದ್ರಲ್ಲ, ಅದು,” ಎಂದೆ.

“ಅಂದ್ರ ಈಗ ನಿಮ್ಮದೇ ಖರೀದಿ ಸುರು ಆತು? ಮುಬಾರಕ್ ಸಾಹೇಬ!”

ನಿಂತು ಸೇದಿದೆ. ಅರ್ಧಕ್ಕೆ ಬಂದಾಗ ನನ್ನ ಕೈ ತಾನಾಗಿ ಪಕ್ಕಕ್ಕೆ ಚಾಚಿತು. ಅಲ್ಲಿ ಯಾರೂ ಇರಲಿಲ್ಲ. ಉಳಿದದ್ದನ್ನೂ ನಾನೇ ಸೇದಿದೆ.

ನೀರಿನ ಬಾಟಲಿ ಹಿಡಿದು, ಬಡೇಸೋಪು ಅಗಿಯುತ್ತ ಬಂದು ಕುಳಿತೆ. ಗೆಳೆಯ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ.

“ಅರ್ಧಾ ಉಳಿಸೀರೇನ್ರಿ?”

ಚೇಷ್ಟೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. ಕೈ ಮುಂದೆ ಬಂದಿತ್ತು. ಆಮೇಲೆ ಆ ಕೈಯನ್ನು ತಾನೇ ಕಿಸೆಯಲ್ಲಿ ಇಟ್ಟುಕೊಂಡ.

“ನೀವು ಬಾಜೂಕ ಕುಂತ್ರ ನನಗ ತಡಿಯಂಗಿಲ್ರಿ,” ಎಂದ. “ನಾ ಇನ್ಮ್ಯಾಲೆ ಗಾಡೀ ಮುಂದಿನ ಡಬ್ಬಿಗೆ ಹತ್ತತೀನಿ. ಮನ್ಯಾಗ ಹೇಳಂಗಿಲ್ಲ ಬಿಡ್ರಿ. ಆಕಿ ನಿಮ್ಮನ್ನ ಭಾಳ ನಂಬ್ಯಾಳ.”

ಅಂದಿನಿಂದ ನಾವು ಗಾಡಿಯ ಬೇರೆ ಬೇರೆ ಡಬ್ಬಿಗಳಲ್ಲಿ ಬರುತ್ತಿದ್ದೇವೆ. ಹೋಳಿಗೆ ಮಾತ್ರ ನಿಲ್ಲಲಿಲ್ಲ.

“ಏನ್ ಉಪಕಾರ ಮಾಡೀರಂತ ವಾರಾ ವಾರಾ ಕಳಸ್ತಾಳ ಆಕಿ?” ಎಂದು ಹೆಂಡತಿ ಕೇಳಿದಳು. ನಾನು ನೀರಿನ ತಂಬಿಗೆಗೆ ಕೈ ಹಾಕಿದೆ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಆಕೆ ಒಂದು ಅಚ್ಚು ಬೆಲ್ಲ ಇಟ್ಟು ನನ್ನ ಕೈಗೆ ಕೊಟ್ಟಳು.

ನಿನ್ನೆ ಭಾನುವಾರ. ಡಬ್ಬಿ ಹಿಡಿದು ಅವನ ಮನೆಗೆ ಹೋದಾಗ ಅವನು ಬಜಾರಕ್ಕೆ ಹೋಗಿದ್ದ.

“ಬರ್ರಿ ಅಣ್ಣಾ, ಕುಂದ್ರಿ. ಮೊದ್ಲ ಇವ್ರ ಅಂಗಿ ಹೊಗಿ ನಾರ್ತಿತ್ತು, ಗಾಡ್ಯಾಗಿನ ಮಂದೀದು ಅಂತಿದ್ದೆ. ಈಗ ನೋಡ್ರಿ, ಬರೇ ಸಾಬೂನ ವಾಸನಿ. ನಿಮ್ಮ ಪುಣ್ಯಾ.”

ಕುಳಿತುಕೊಳ್ಳಲು ಆಗಲಿಲ್ಲ. “ದವಾಖಾನ್ಯಾಗ ಡಾಕ್ಟರು ಕೇಳಿದ್ರಲ್ಲವಾ, ಮತ್ತರ್ಧಾ ಯಾರಿಗಂತ. ಅದು ನನಗ,” ಎಂದೆ. ಹೋದ ತಿಂಗಳಿನದನ್ನೂ ಹೇಳಿದೆ, ಗೆಳೆಯ ಬೇರೆ ಡಬ್ಬಿಯಲ್ಲಿ ಏಕೆ ಕೂರುತ್ತಾನೆಂಬುದನ್ನೂ ಹೇಳಿದೆ.

ಆಕೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಚಹಾ ತಂದು ಸ್ಟೂಲಿನ ಮೇಲೆ ಇಟ್ಟಳು. ಮುಖ ನೋಡದೆ ಕೇಳಿದಳು:

“ನಿಮ್ಮ ಎದಿ ತೋರಿಸೀರೇನು?”

“ಇಲ್ಲವಾ.”

“ಇಬ್ಬರೂ ಸೇದಿದ್ದು ಒಂದೇ ಸಿಗರೇಟಲ್ಲೇನ್ರಿ? ತೋರಿಸ್ರಿ.”

ನಾಳೆ ಕಲಬುರಗಿಗೆ ಹೋಗುತ್ತಿದ್ದೇನೆ. ಜೊತೆಗೆ ಹೆಂಡತಿಯೂ ಬರುತ್ತಾಳೆ. ಎದೆ ತೋರಿಸಬೇಕು ಎಂದಷ್ಟೇ ಆಕೆಗೆ ಹೇಳಿದ್ದೇನೆ. ಇವತ್ತು ಬೆಳಗ್ಗೆ ಬಡೇಸೋಪಿನ ಡಬ್ಬಿ ತುಂಬಲು ಬಂದಾಗ ಬೇಡವೆಂದೆ.

“ಯಾಕ್ರಿ, ಪಚನ ಆಗಲಿಕತ್ತದೇನು?”

“ನಾಳಿ ಡಾಕ್ಟರ ಮುಂದ ಹೇಳ್ತೀನಿ.”

“ಹೊಟ್ಟೀದು ಎದಿ ಡಾಕ್ಟರಗೆ ಹೇಳ್ತಾರೇನ್ರಿ?” ಎಂದು ಆಕೆ ನಕ್ಕಳು, ಡಬ್ಬಿಯನ್ನು ತುಂಬಿ ನನ್ನ ಕಿಸೆಯಲ್ಲೇ ಇಟ್ಟಳು.