ಹನ್ನೊಂದು ಗಂಟಿಗೆ ತಾಂಡಾದಾಗ ಯಾರಿರ್ತಾರ?

ಕ್ಯಾಂಪ್ ಅಂದ್ರ ಸಾಕು, ಈ ಗ್ರೂಪಿನ್ಯಾಗಿನ ಎಲ್ರೂ ಮನಿಯಾಗ ಅಡಗಿ ಕುಂದ್ರತೀರಿ. ನಾಚಿಕಿ ಇಲ್ಲೇನು ನಿಮಗ?

ಇವತ್ತ ಮಸ್ಕಿಯೊಳಗ ತಾಂಡಾದ ಕೂಸುಗಳ ತೂಕದ ತಪಾಸಣಿ ಕ್ಯಾಂಪಿನ ಬಗ್ಗೆ ಮೀಟಿಂಗ್ ಇತ್ತು. "ಬೆಳಿಗ್ಗೆ ಹನ್ನೊಂದಕ್ಕ ತಾಂಡಾದಾಗ ಶುರು ಅಜ್ಜೀ," ಅಂದ ಡಾಕ್ಟರಪ್ಪ.

"ತಾಯಂದ್ರು ನಸುಕಿನ್ಯಾಗ ಕೂಸು ಕಟ್ಟಿಗೊಂಡು ತುರ್ವಿಹಾಳಕ್ಕ ಭತ್ತ ಹಚ್ಚಾಕ ಹೋಗಿರ್ತಾರ. ಹನ್ನೊಂದಕ್ಕ ಯಾರನ್ನ ತೂಗ್ತೀಯಪಾ, ನಾಯೀನ?" ಅಂದೆ ನಾ.

"ಹನ್ನೊಂದಂತ ಬ್ಯಾನರ್ ಪ್ರಿಂಟ್ ಆಗೇತಿ."

"ನಮ್ಮ ಸೋಮ್ಲಿಬಾಯಿ ಮೊಮ್ಮಗಳಿಗೆ ಎರಡ ವರ್ಷ ಆತು, ಇನ್ನೂ ಎದ್ದು ನಿಂತಿಲ್ಲ. ಆಕಿಗೆ ಬ್ಯಾನರ್ ತಿನ್ನಸ್ತೀಯೇನು?"

ಕಡೀಗೆ ಡಾಕ್ಟರಪ್ಪ, "ಗದ್ದಿಗೇ ಹೋಗೂಣು. ಆದ್ರ ತೂಗಾಕ, ಬರಿಯಾಕ ನಾಕ ಮಂದಿ ಬೇಕು," ಅಂದ. "ಮಂದೀನ ನಾ ತರ್ತೀನಿ," ಅಂತ ಹೇಳಿ ಬಂದೀನಿ.

ನಾಟಿ ಮುಗಿದ್ರ ಅವ್ರು ಕೂಸು ಕರಕೊಂಡು ಬ್ಯಾರೆ ಊರಿಗೆ ದುಡಿಯಾಕ ಹೋಗ್ತಾರ. ಗ್ರೂಪಿನ್ಯಾಗ ಬರೇ ಕೈ ಮುಗಿಯೋ ಚಿತ್ರ ಹಾಕಬ್ಯಾಡ್ರಿ, ಮುಂದಿನ ತಿಂಗಳ ಹುಟ್ಟೂದ್ರೊಳಗ ಗದ್ದಿಗೆ ಬರೋರು ನಿಮ್ಮ ಹೆಸರ ಬರೀರಿ.