ಸೆಲ್ವಿ ಕೇಳಿದ ಗೋಡೆ ಲೆಕ್ಕ

ನನಗೀಗ ಪ್ರತಿಭಾವಂತ ಮಕ್ಕಳನ್ನು ಗುರುತಿಸಲು ಬರುತ್ತದೆ. ಸುಳ್ಳಲ್ಲ, ಸರ್ಟಿಫಿಕೇಟ್ ಇದೆ!

ಕಳೆದ ವಾರ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಎರಡು ದಿನ ಬಸ್ಸಿನಲ್ಲಿ ನಿಂತು ಹೋಗಿ ಸಂಪಾದಿಸಿದ್ದು. ನನ್ನಂಥ ಪ್ರಾಥಮಿಕ ಶಾಲೆ ಶಿಕ್ಷಕಿಯರಿಗೆಂದೇ ನಡೆದ ತರಬೇತಿ. ಬ್ಯಾಗು, ಪೆನ್ನು, ಊಟಕ್ಕೆ ಪಾಯಸ. ತರಬೇತಿ ಕೊಡಲು ಬಂದ ಮಹನೀಯರು ಪರದೆಯ ಮೇಲಿದ್ದುದನ್ನು ಒಂದಕ್ಷರ ಬಿಡದೆ ಓದಿದರು. (ನಮಗೂ ಓದಲು ಬರುತ್ತದೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.) "ಪ್ರತಿಭಾವಂತ ಮಗು ಸಿಕ್ಕಾಪಟ್ಟೆ ಪ್ರಶ್ನೆ ಕೇಳುತ್ತದೆ. ಪ್ರೋತ್ಸಾಹಿಸಿ" ಎಂದರು.

ನಾನು ಎದ್ದೆ. "ಸರ್, ನಲವತ್ತು ಮಕ್ಕಳ ಮಧ್ಯೆ ಆ ಒಂದು ಮಗೂಗೆ ಟೈಮ್ ಕೊಡೋದು ಹೇಗೆ?"

"ಮೇಡಂ, ಪ್ರಶ್ನೆ ಎಲ್ಲ ಕೊನೇಲಿ."

ಕೊನೆಯಲ್ಲಿ ಗ್ರೂಪ್ ಫೋಟೊ ಇತ್ತು.

ಸೋಮವಾರ ಐದನೇ ಕ್ಲಾಸಿಗೆ ಹೋದೆ. ಇಬ್ಬರು ಆರು ದಿನದಲ್ಲಿ ಕಟ್ಟುವ ಗೋಡೆಯನ್ನು ನಾಲ್ವರು ಎಷ್ಟು ದಿನದಲ್ಲಿ ಕಟ್ಟುತ್ತಾರೆ? ಅರ್ಧ ಕ್ಲಾಸು "ಮೂರು" ಎಂದು ಕೂಗಿತು. ಕಾಗದನಗರದಿಂದ ಬರುವ ಸೆಲ್ವಿ ಮಾತ್ರ ಕೈ ಎತ್ತಿ ನಿಂತಳು. ಅವಳಪ್ಪ ಗಾರೆ ಕೆಲಸದವರು.

"ಟೀಚರ್, ಸಾವಿರ ಜನ ಬಂದ್ರೆ ಟೀ ಕುಡಿಯೋದ್ರೊಳಗೆ ಗೋಡೆ ಎದ್ದುಬಿಡುತ್ತಾ? ಅಷ್ಟು ಜನ ನಿಲ್ಲೋದೆಲ್ಲಿ? ಕೆಳಗಿಂದು ಒಣಗದೆ ಮೇಲೆ ಕಟ್ಟಿದ್ರೆ ಬೀಳುತ್ತೆ ಅಂತ ನಮ್ಮಪ್ಪ ಹೇಳ್ತಾರೆ."

ಮಕ್ಕಳು ಗೊಳ್ಳೆಂದು ನಕ್ಕರು. ಪೋರ್ಷನ್ ಬೇರೆ ಬಾಕಿಯಿತ್ತು. ಟ್ರೈನಿಂಗ್ ಮುಗಿಸಿ ಬಂದ ನಾನು ಏನೆಂದೆ ಗೊತ್ತೇ?

"ತಲೆಹರಟೆ ಮಾಡ್ಬೇಡ. ಉತ್ತರ ಗೊತ್ತಿದ್ರೆ ಹೇಳು, ಇಲ್ದಿದ್ರೆ ಕೂತ್ಕೋ!"

ಕೂತಳು.

ಮಧ್ಯಾಹ್ನ ಪ್ರತಿಭಾವಂತರ ಪಟ್ಟಿ ತುಂಬಬೇಕಿತ್ತು. ಅದರಲ್ಲಿ ಹೆಸರಿದ್ದವರಿಗೆ ರಜೆಯಲ್ಲಿ ಶಿವಮೊಗ್ಗದಲ್ಲಿ ವಿಶೇಷ ಶಿಬಿರ. ಮುತ್ತಿನಂಥ ಅಕ್ಷರದ, ಜಡೆ ಅಲುಗಿಸದೆ ಕೂರುವ ಮೂವರ ಹೆಸರು ಬರೆದೆ. ಪಕ್ಕದ ಕುರ್ಚಿಯಲ್ಲಿದ್ದ ಸಹೋದ್ಯೋಗಿ ಗಿರಿಜಕ್ಕ ಇಣುಕಿದರು.

"ಸೆಲ್ವಿ ಎಲ್ಲಿ ಮಾರಾಯ್ತಿ?"

"ಅವಳಾ? ಪಾಠ ಮಾಡೋಕೇ ಬಿಡಲ್ಲ ಗಿರಿಜಕ್ಕ. ಇವತ್ತೇ ನೋಡಿ..." ಎಂದು ಗೋಡೆಯ ಕಥೆ ಹೇಳಿದೆ. ಗಿರಿಜಕ್ಕ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಸರಿಯಾಗೇ ಕೇಳಿದಾಳಲ್ಲೇ" ಎಂದರು, ಅಷ್ಟೆ.

ನಾಚಿಕೆಯಾಯಿತು. ಸೆಲ್ವಿಯ ಹೆಸರು ಬರೆದೆ. ಎಲ್ಲರಿಗಿಂತ ಮೇಲೆ.

ಮರುದಿನ ಅದೇ ಲೆಕ್ಕವನ್ನು ಮತ್ತೆ ಬೋರ್ಡಿನ ಮೇಲೆ ಬರೆದು, "ಸೆಲ್ವಿ, ನಿನ್ನೆ ಏನೋ ಕೇಳ್ತಿದ್ಯಲ್ಲ, ಈಗ ಕೇಳು ಪುಟ್ಟಿ" ಎಂದೆ.

ಎದ್ದು ನಿಂತಳು. ಕೈಕಟ್ಟಿಕೊಂಡಳು. "ಮೂರು ದಿನ ಟೀಚರ್."

"ಅಲ್ಲ ಕಣೇ, ಆ ಒಣಗೋ ವಿಷ್ಯ?"

"ಮೂರೇ ದಿನ ಟೀಚರ್."

ಉತ್ತರ ಸರಿ. ನಿಂತ ಭಂಗಿಯೂ ಸರಿ. ಒಂದೇ ದಿನದಲ್ಲಿ ಇಂಥ ಒಳ್ಳೆಯ ವಿದ್ಯಾರ್ಥಿನಿಯನ್ನು ತಯಾರು ಮಾಡಿದ ನನಗೆ ಯಾರಪ್ಪಾ ಸನ್ಮಾನ ಮಾಡುವವರು?