ಅವ್ವನ ಗುಳಿಗೆಯ ಹೆಸರು

ದೇವದುರ್ಗದ ಬಸ್ಸಿನಿಂದ ಇಳಿಯುವಾಗಲೇ ಅವ್ವ ನನ್ನ ಭುಜದ ಮೇಲೆ ಮೈಭಾರವನ್ನೆಲ್ಲ ಬಿಟ್ಟಳು. ಯಾರ ಕೈಯನ್ನೂ ಹಿಡಿದು ನಡೆದವಳಲ್ಲ ಅವಳು.

"ಹೊಟ್ಟಿ ಕಿವುಚಿದಂಗ ಆಗಾಕತ್ತದ ಯವ್ವಾ," ಎಂದಳು.

ಸೈಕಲ್ ರಿಕ್ಷಾದಲ್ಲಿ ವಾಂತಿ. ಮನೆಗೆ ಬಂದ ಮೇಲೂ ವಾಂತಿ. ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬೆಳಗಾಗುವಷ್ಟರಲ್ಲಿ ಮೈ ತಣ್ಣಗಾಗಿ, ಕರೆದರೆ ಅರೆಗಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು. ನಾನು ಮತ್ತು ನನ್ನ ಗಂಡ ಶಿವರಾಜ ಅವಳನ್ನು ಎತ್ತಿಕೊಂಡೇ ರಾಯಚೂರಿನ ದವಾಖಾನೆಗೆ ಹೋದೆವು.

ಅವ್ವನ ಹೆಸರು ಹುಲಿಗೆಮ್ಮ. ಊರು ಮಾನ್ವಿ ತಾಲೂಕಿನ ಚೀಕಲಪರ್ವಿ. ಹೊಳೆಯ ದಂಡೆಯ ಗದ್ದೆಗಳಲ್ಲಿ ನಾಟಿ ಹಚ್ಚಿ, ಕಳೆ ತೆಗೆದು ನನ್ನನ್ನು ಮೆಟ್ರಿಕ್ ಓದಿಸಿದವಳು. ಕೆಲವು ವರ್ಷಗಳ ಹಿಂದೆ ಅವಳಿಗೆ ದಮ್ಮು ಹತ್ತಿತು. ಗೋಡೆಗೆ ಒರಗಿ ಕೂತು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದವಳಿಗೆ ಮಾನ್ವಿಯ ಒಬ್ಬ ಡಾಕ್ಟರು ಸಣ್ಣ ಬಿಳಿ ಗುಳಿಗೆ ಕೊಟ್ಟರು. ದಮ್ಮು ತಗ್ಗಿತು. ಅವ್ವ ಮತ್ತೆ ಗದ್ದೆಗೆ ಇಳಿದಳು. ಬರಬರುತ್ತ ಮುಖ ದುಂಡಗಾಯಿತು. ಕಂಡವರೆಲ್ಲ, ಮಗಳು ನೌಕರಿ ಹಿಡಿದ ಮೇಲೆ ಹುಲಿಗೆಮ್ಮ ಮೈ ತುಂಬಿಕೊಂಡಾಳ ಎಂದರು. ನನಗೂ ಅದು ಸುಖದ ಗುರುತಾಗಿಯೇ ಕಂಡಿತ್ತು.

ಈ ಸಲ ಅವಳು ತಂಗಿಯ ಮಗಳ ಬಾಣಂತನಕ್ಕೆಂದು ದೇವದುರ್ಗಕ್ಕೆ ಹೋಗಿದ್ದಳು. ಅಲ್ಲಿ ಗುಳಿಗೆ ಮುಗಿದಿದ್ದವು. ದಮ್ಮು ಇರಲಿಲ್ಲವಾದ್ದರಿಂದ ಅವಳು ಚಿಂತೆ ಮಾಡಲಿಲ್ಲ. ಹಸುಗೂಸಿಗೆ ನೀರೆರೆಯುವುದು, ಬಾಣಂತಿಗೆ ನೀರು ಕಾಯಿಸಿ ಹಾಕುವುದು, ಇದರಲ್ಲೇ ದಿನ ಕಳೆದಿದ್ದವು.

ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ಒಂದು ಬಾಟಲಿ ಮುಗಿದು ಇನ್ನೊಂದು ಹಚ್ಚಿದರೂ ಬಿ.ಪಿ. ಏರಲಿಲ್ಲ. ಇ.ಸಿ.ಜಿ. ತೆಗೆದರು. ಎಕ್ಸ್‌ರೇ ತೆಗೆದರು. ಹೊಟ್ಟೆ ಮುಟ್ಟಿದರೆ ಅವ್ವ ನರಳುತ್ತಿದ್ದಳು. ಸರ್ಜನ್ ಬಂದು ಒತ್ತಿ ನೋಡಿದರು.

"ಒಳಗ ಏನೋ ಒಡೆದಿರಬೇಕು. ಹೊಟ್ಟಿ ತೆರೆದು ನೋಡಬೇಕಾಗ್ತದ. ಥಿಯೇಟರ್ ತಯಾರು ಮಾಡ್ರಿ," ಎಂದು ನರ್ಸಿಗೆ ಹೇಳಿದರು.

ಆ ಮೈಯನ್ನು ಕೊಯ್ಯುತ್ತಾರೆ.

ವಾರ್ಡಿನ ಡಾಕ್ಟರಮ್ಮ, ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವರು, ಅವ್ವನ ದುಂಡು ಮುಖವನ್ನೇ ನೋಡುತ್ತ ನಿಂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ತಾಯಿ ದಿನಾ ಏನರೆ ಗುಳಿಗಿ ತಗೊಂತಿದ್ರೇನು?"

"ದಮ್ಮಿಗೆ ತಗೊಂತಿದ್ದಳ್ರಿ. ಸಣ್ಣ ಬಿಳಿ ಗುಳಿಗಿ. ಈಗ ಬಿಟ್ಟಾಳ."

"ಹೆಸರೇನು?"

"ಗೊತ್ತಿಲ್ರಿ. ಕಾಗದದ ಪೊಟ್ಟಣದಾಗ ಕಟ್ಟಿ ಕೊಡ್ತಿದ್ರು."

ಅವರು ದನಿ ತಗ್ಗಿಸಿದರು. "ಅವು ಸ್ಟಿರಾಯ್ಡ್ ಆಗಿದ್ರ, ಈ ದುಂಡು ಮುಖನೂ ಅದರಿಂದನ, ಒಮ್ಮಿಗೇ ಬಿಟ್ಟದ್ದಕ್ಕ ಹಿಂಗಾಗಿರ್ತದ. ಆಪರೇಷನ್ ಮಾಡಿದ್ರ ಉಳಿಯೂದಿಲ್ಲ. ಆದ್ರ ಹೊಟ್ಟಿ ಖರೇನ ಒಡೆದಿದ್ರ, ನಾ ಸ್ಟಿರಾಯ್ಡ್ ಕೊಟ್ಟು ಕುಂತ್ರೂ ಉಳಿಯೂದಿಲ್ಲ. ಎಂಥಾ ಗುಳಿಗಿ, ಎಷ್ಟು ವರ್ಷ ತಗೊಂಡಾರ ಅಂತ ಗೊತ್ತಾಗಬೇಕು. ಆ ಡಾಕ್ಟರಿಗೆ ಫೋನ್ ಹಚ್ಚಾಕ ಆಗ್ತದೇನು?"

ನಾನು ರಾಯಚೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಊರಿಂದೂರಿಗೆ ಮಾತು ಜೋಡಿಸುವುದೇ ನನ್ನ ಕೆಲಸ. ನನಗೆ ಗೊತ್ತಿತ್ತು. ಹಿಂದಿನ ದಿನದ ಬಿರುಗಾಳಿಗೆ ಕಂಬಗಳು ಉರುಳಿ ಮಾನ್ವಿ ಲೈನು ಸತ್ತುಹೋಗಿತ್ತು.

ಅವ್ವನನ್ನು ಶಿವರಾಜನ ಕೈಗೆ ಬಿಟ್ಟು ರಿಕ್ಷಾ ಹತ್ತಿದೆ. ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಲೆಕ್ಕ ಹಾಕದೆಯೇ ತಿಳಿಯುತ್ತಿತ್ತು. ಅವ್ವನ ಇಷ್ಟು ವರ್ಷಗಳ ಕಾಯಿಲೆ ಒಬ್ಬ ಮನುಷ್ಯನ ತಲೆಯೊಳಗಿತ್ತು. ಆ ಮನುಷ್ಯ ಹರಿದ ತಂತಿಯ ಆಚೆಗಿದ್ದ. ಅವಳು ಸತ್ತರೆ ಆ ಒಂದು ಹೆಸರು ಸಿಗದೆ ಸತ್ತಂತೆ.

ಬೋರ್ಡಿನ ಮುಂದೆ ನಮ್ಮ ಹಿರಿಯ ಆಪರೇಟರ್ ಫರೀದಾ ಆಪಾ ಇದ್ದರು. ನಾನು ಹೇಳುವುದನ್ನು ಅರ್ಧಕ್ಕೇ ತಡೆದು ಪ್ಲಗ್ ಕೈಗೆತ್ತಿಕೊಂಡರು.

"ಸೀದಾ ರಸ್ತೆ ಇಲ್ಲಂದ್ರ ಸುತ್ತು ಹಾಕಿ ಹೋಗೂಣು ಬೇಟಾ. ಕುಂದ್ರು."

ಬಳ್ಳಾರಿಯನ್ನು ಎತ್ತಿದರು. ಬಳ್ಳಾರಿಯವಳಿಂದ ಗಂಗಾವತಿ. ಗಂಗಾವತಿಯಿಂದ ಸಿಂಧನೂರು. ಸಿಂಧನೂರು–ಮಾನ್ವಿ ಲೈನು ಜೀವಂತವಾಗಿತ್ತು. ಆದರೆ ಅಷ್ಟು ದೂರ ಸುತ್ತಿ ಬರುವಾಗ ದನಿ ಸೊರಗಿ ಬರೀ ಗರಗರ ಸದ್ದಾಗುತ್ತಿತ್ತು. ಮಾನ್ವಿಯ ಮಾತು ನಮಗೆ ಕೇಳಿಸಲಿಲ್ಲ. ಆಗ ಗಂಗಾವತಿಯ ಆಪರೇಟರ್ ತಾನಾಗಿಯೇ ಹೇಳಿದಳು.

"ನಾವು ಒಬ್ಬರಿಂದ ಒಬ್ಬರು ಹೇಳ್ತೀವ್ರಿ. ನೀವು ಲೈನ್ ಬಿಡಬ್ಯಾಡ್ರಿ."

ಡಾಕ್ಟರು ಕ್ಲಿನಿಕ್ಕಿನಲ್ಲಿರಲಿಲ್ಲ, ಊಟಕ್ಕೆ ಹೋಗಿದ್ದರು. ಮಾನ್ವಿಯ ಲೈನ್‌ಮನ್ ಸೈಕಲ್ ಹತ್ತಿ ಅವರ ಮನೆಗೆ ಹೋದನಂತೆ. ಕಾದೆವು. ನಾನು ಎರಡೂ ಕೈಯಲ್ಲಿ ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಪಕ್ಕದ ಬೋರ್ಡುಗಳಲ್ಲಿ ಯಾರೋ ಶೇಂಗಾದ ಧಾರಣೆ ಕೇಳುತ್ತಿದ್ದರು, ಯಾರೋ ಮದುವೆಗೆ ಕರೆಯುತ್ತಿದ್ದರು. ಕೊಯ್ಯುವ ಮುನ್ನ ಹಚ್ಚುವ ಅಯೋಡಿನ್ನನ್ನು ಇಷ್ಟರಲ್ಲಿ ಅವ್ವನ ಹೊಟ್ಟೆಗೆ ಬಳಿದಿರಬಹುದು ಎನ್ನಿಸಿತು.

"ಬಂದ್ರು," ಎಂದಳು ಗಂಗಾವತಿಯವಳು. "ಚೀಕಲಪರ್ವಿ ಹುಲಿಗೆಮ್ಮ ಅಂದಕೂಡ್ಲೆ ಗುರ್ತು ಹಿಡಿದ್ರಂತ್ರಿ."

ಫರೀದಾ ಆಪಾ ಇನ್ನೊಂದು ಪ್ಲಗ್ಗಿನಿಂದ ದವಾಖಾನೆಯನ್ನು ಜೋಡಿಸಿದರು. ಡಾಕ್ಟರಮ್ಮನ ದನಿ ಹತ್ತಿರದಲ್ಲೇ ಕೇಳಿಸಿತು. "ಅಕ್ಷರ ಬಿಡಿಸಿ ಹೇಳ್ರಿ. ಒಂದೂ ತಪ್ಪಬಾರದು."

ಅಕ್ಷರಗಳು ಬರತೊಡಗಿದವು. ಪಿ ಫಾರ್ ಪೂನಾ. ಆರ್ ಫಾರ್ ರಾಯಚೂರು. ಇ. ಡಿ ಫಾರ್ ದಿಲ್ಲಿ. ಮಾನ್ವಿಯವನು ಸಿಂಧನೂರಿಗೆ, ಸಿಂಧನೂರಿನವನು ಗಂಗಾವತಿಗೆ, ಗಂಗಾವತಿಯವಳು ಬಳ್ಳಾರಿಯ ಮೂಲಕ ನನಗೆ. ನಾನು ಡಾಕ್ಟರಮ್ಮನಿಗೆ. ನಡುವೆ ಒಮ್ಮೆ ಲೈನು ಕುಸಿಯಿತು. ಗಂಗಾವತಿ ಮತ್ತೆ ಸಿಕ್ಕಾಗ ಯಾವ ಅಕ್ಷರಕ್ಕೆ ನಿಂತಿದ್ದೆನೆಂಬುದೇ ನನಗೆ ಮರೆತಿತ್ತು. ಫರೀದಾ ಆಪಾ ನನ್ನ ಬೆನ್ನ ಮೇಲೆ ಕೈಯಿಟ್ಟು ತಾವೇ ಮುಂದುವರಿಸಿದರು. ಎನ್ ಫಾರ್ ನಾಗಪುರ.

ಪ್ರೆಡ್ನಿಸೋಲೋನ್. ಸ್ಟಿರಾಯ್ಡೇ. ದಿನಾ ಎರಡು ಹೊತ್ತು, ವರ್ಷಗಳಿಂದ.

ಆ ಡಾಕ್ಟರು ಇನ್ನೊಂದು ಮಾತು ಕಳಿಸಿದ್ದರು. ಅದೂ ಅಷ್ಟೂ ಬಾಯಿಗಳನ್ನು ದಾಟಿ ಬಂತು. "ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಡೂತನಕ ಕತ್ತಿ ಹಚ್ಚಬ್ಯಾಡ್ರಿ."

"ಸಾಕು," ಎಂದರು ಡಾಕ್ಟರಮ್ಮ. ಅವರು ರಿಸೀವರ್ ಇಟ್ಟದ್ದು ಕೇಳಿಸಿತು.

ನಾನು ಹಿಂದಿರುಗಿದಾಗ ಇಂಜೆಕ್ಷನ್ ಕೊಟ್ಟಾಗಿತ್ತು. ಸ್ಟ್ರೆಚರ್ ಥಿಯೇಟರಿನ ಬಾಗಿಲಲ್ಲೇ ನಿಂತಿತ್ತು. ಶಿವರಾಜ ಅದರ ಕಂಬಿ ಹಿಡಿದು ನಿಂತಿದ್ದ. ಆದರೆ ಇನ್ನೂ ಏನೂ ಬದಲಾಗಿರಲಿಲ್ಲ. ಅವ್ವನ ಮುಖ ಹಾಗೆಯೇ ಬೂದಿಯ ಬಣ್ಣದಲ್ಲಿತ್ತು. ಡಾಕ್ಟರಮ್ಮ ಬಿ.ಪಿ. ನೋಡುತ್ತಾರೆ. ಮತ್ತೆ ನೋಡುತ್ತಾರೆ. ತಡವಾಯಿತು ಎಂದು ನನ್ನೊಳಗೆ ನಾನೇ ಅಳತೊಡಗಿದೆ.

ಸಂಜೆಯ ಹೊತ್ತಿಗೆ ನಾಡಿ ಬೆರಳಿಗೆ ಸಿಕ್ಕಿತು. ಸರ್ಜನ್ ಬಂದು ಹೊಟ್ಟೆ ಒತ್ತಿದರು. ಅವ್ವ ನರಳಲಿಲ್ಲ.

"ಥಿಯೇಟರ್ ಬ್ಯಾಡ," ಎಂದು ಹೇಳಿ, ಅವರು ಡಾಕ್ಟರಮ್ಮನ ಕಡೆ ತಲೆಯಾಡಿಸಿ ಹೋದರು.

ಮರುದಿನ ಅವ್ವ ಕಣ್ಣು ಬಿಟ್ಟು, "ಕೂಸಿಗೆ ಎರದ್ರೇನು?" ಎಂದಳು. ದೇವದುರ್ಗದಲ್ಲೇ ಇದ್ದೇನೆ ಎಂದುಕೊಂಡಿದ್ದಳು.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರಮ್ಮ, ಹೊರದೇಶದ ದೊಡ್ಡ ದವಾಖಾನೆಗಳಲ್ಲಿ ರೋಗಿಗಳ ಸಮಾಚಾರವನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಿಡುತ್ತಾರಂತೆ, ಒಂದು ಗುಂಡಿ ಒತ್ತಿದರೆ ಎಲ್ಲ ಬರುತ್ತದಂತೆ ಎಂದರು. ನಮ್ಮಲ್ಲಿ ಯಾವಾಗ ಬರುತ್ತದೆ ಎಂದು ಕೇಳಿದೆ. ಅವರು ವಾರ್ಡಿನ ನಿಂತ ಫ್ಯಾನಿನ ಕಡೆ ನೋಡಿ, "ಮೊದಲ ಕರೆಂಟ್ ಬರ್ಲಿ," ಎಂದು ನಕ್ಕರು. ನೇರವಾಗಿ ಡಯಲ್ ಮಾಡುವ ಎಸ್‌ಟಿಡಿಯೇ ಇನ್ನೂ ಬರದ ಊರಿನವಳು ನಾನು. ಆದರೂ ಅಂಥದೊಂದು ಯಂತ್ರ ಬೇಕು ಎಂದು ನನ್ನಷ್ಟು ಆಸೆಪಟ್ಟವರು ಕಡಿಮೆ ಇರಬೇಕು. ತಂತಿ ಕೂಡದಿದ್ದರೆ, ಊಟಕ್ಕೆ ಹೋದವರು ಸಿಗದಿದ್ದರೆ ಎಂದು ಈಗಲೂ ಬೆವರುತ್ತೇನೆ.

ಅವ್ವ ಗೆದ್ದಳು ಎನ್ನಲಾರೆ. ಆ ಗುಳಿಗೆ ಅವಳನ್ನು ಉಳಿಸಿದೆ, ಅದೇ ಗುಳಿಗೆ ಅವಳ ಎಲುಬು ಸವೆಸಿದೆ. ಚೂರುಚೂರೇ ತಗ್ಗಿಸಬೇಕು, ತಗ್ಗಿಸಿದಾಗ ದಮ್ಮು ಕೆರಳುತ್ತದೆ. ಗದ್ದೆಗೆ ಇನ್ನು ಇಳಿಯಲಾರಳು. ನನ್ನ ಜೊತೆಗೇ ಇದ್ದಾಳೆ. ಗುಳಿಗೆಯ ಹೆಸರನ್ನು ಬಾಯಿಪಾಠ ಮಾಡಿಸಿದ್ದೇನೆ. "ಪೆರಡ್ನಿಸೋಲ," ಎನ್ನುತ್ತಾಳೆ. ಅಷ್ಟಾದರೂ ಅವಳ ನಾಲಿಗೆಯ ಮೇಲಿರಲಿ.

ಬೆಳಿಗ್ಗೆ ಡ್ಯೂಟಿಗೆ ಕೂತಾಗ ಮೊದಲು ಲೈನುಗಳನ್ನು ಪರೀಕ್ಷಿಸುತ್ತೇವೆ. ಬಳ್ಳಾರಿಯ ಮೂಲಕ ಗಂಗಾವತಿಯ ಆ ದನಿ ಬರುತ್ತದೆ. ಅವಳ ಮುಖವನ್ನು ನಾನು ನೋಡಿಲ್ಲ.

"ಅವ್ವಾರು ಹ್ಯಾಂಗದಾರ್ರೀ?"

"ನಿನ್ನೆ ಅರ್ಧ ರೊಟ್ಟಿ ಉಂಡಾಳ್ರಿ."

"ಇರ್ರಿ, ಸಿಂಧನೂರಿಗೆ ಹೇಳ್ತೀನಿ," ಎನ್ನುತ್ತಾಳೆ. "ಅವರೂ ಕೇಳಾಕತ್ತಾರ."